ಮೂವತ್ತೊಂಬತ್ತು ಅಂಕಿಗಳ ಒಂದು ಅವಿಭಾಜ್ಯ



ಶಾಲೆಯಲ್ಲಿ ಗಣಿತ ಕಲಿಸಿದ ಹಿರಿಯರೊಬ್ಬರ ನೆನಪಿಗೆ ಇಟ್ಟ ದತ್ತಿ ಇದು. ಹಾಗಾಗಿ ಒಬ್ಬ ಶಾಲಾ ಮೇಷ್ಟರು ಮಾಡಿದ ಕೆಲಸವನ್ನೇ ಇಂದಿನ ಉಪನ್ಯಾಸಕ್ಕೆ ಆರಿಸಿಕೊಂಡಿದ್ದೇನೆ. ಅವರು ಫ್ರಾನ್ಸಿನ ಎದ್ವಾರ್ ಲೂಕಾ. ಹುಟ್ಟಿದ್ದು 1842ರಲ್ಲಿ, ಅಮಿಯಾಂ ಪಟ್ಟಣದಲ್ಲಿ. ಸ್ವಲ್ಪ ಕಾಲ ಪ್ಯಾರಿಸ್ ವೀಕ್ಷಣಾಲಯದಲ್ಲಿದ್ದರು, 1870ರ ಯುದ್ಧದಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದರು, ಆಮೇಲೆ ಮೂಲಾಂ ಎಂಬ ಊರಿನಲ್ಲೂ ಪ್ಯಾರಿಸ್ಸಿನಲ್ಲೂ ಶಾಲಾ ಮಕ್ಕಳಿಗೆ ಗಣಿತ ಹೇಳಿಕೊಟ್ಟರು. 1876ರಲ್ಲಿ ಅವರು ಒಂದು ಸಂಖ್ಯೆಯನ್ನು ಅವಿಭಾಜ್ಯ ಎಂದು ಪ್ರಕಟಿಸಿದರು. ಆ ಸಂಖ್ಯೆ ಇದು:

170,141,183,460,469,231,731,687,303,715,884,105,727

127 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದನ್ನು ಕಳೆದರೆ ಇದು ಸಿಗುತ್ತದೆ. ಅಂದರೆ 2¹²⁷ − 1. ಮೂವತ್ತೊಂಬತ್ತು ಅಂಕಿ. ಯಾವ ಯಂತ್ರದ ನೆರವೂ ಇಲ್ಲದೆ ಬರಿಯ ಕೈಲೆಕ್ಕದಿಂದ ಅವಿಭಾಜ್ಯವೆಂದು ಸಾಧಿಸಿದ ಸಂಖ್ಯೆಗಳಲ್ಲಿ ಇಂದಿಗೂ ಇದೇ ಅತಿ ದೊಡ್ಡದು. ದೊಡ್ಡ ಅವಿಭಾಜ್ಯ ಸಿಕ್ಕಿತು ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಅದರ ಉದ್ದವನ್ನೇ ಹೊಗಳುತ್ತೇವೆ. ನನ್ನ ವಾದ ಬೇರೆ. ಇಂಥ ಸಂಖ್ಯೆಯ ಬೆಲೆ ಇರುವುದು ಅದು ಅವಿಭಾಜ್ಯವೆಂದು ನಾವು ತಿಳಿದುಕೊಂಡ ದಾರಿಯಲ್ಲಿ. ಆ ದಾರಿಯನ್ನು ಪೂರ್ತಿ ನಡೆದು ತೋರಿಸುವುದೇ ಇಂದಿನ ಉದ್ದೇಶ. ಹತ್ತನೇ ತರಗತಿಯ ಗಣಿತ ಬಲ್ಲವರು ಯಾರೂ ಹಿಂದೆ ಉಳಿಯಬೇಕಾಗಿಲ್ಲ.

ಎರಡರ ಘಾತದಲ್ಲಿ ಒಂದು ಕಳೆದ ಸಂಖ್ಯೆಗಳ ಮೇಲೆ ಗಣಿತಜ್ಞರಿಗೆ ಯಾಕಿಷ್ಟು ಪ್ರೀತಿ? ಕಾರಣ ಯೂಕ್ಲಿಡ್‌ನಷ್ಟು ಹಳೆಯದು. 6ರ ಭಾಜಕಗಳಾದ 1, 2, 3 ಕೂಡಿದರೆ 6 ಬರುತ್ತದೆ. 28ರ ಭಾಜಕಗಳಾದ 1, 2, 4, 7, 14 ಕೂಡಿದರೆ 28. ಇಂಥವನ್ನು ಪರಿಪೂರ್ಣ ಸಂಖ್ಯೆ ಎನ್ನುತ್ತೇವೆ. 2ರ ಯಾವುದೋ ಘಾತದಲ್ಲಿ 1 ಕಳೆದಾಗ ಅವಿಭಾಜ್ಯ ಸಿಕ್ಕರೆ, ಅದರ ಹಿಂದಿನ ಘಾತದಿಂದ ಅದನ್ನು ಗುಣಿಸಿ ಒಂದು ಪರಿಪೂರ್ಣ ಸಂಖ್ಯೆ ಪಡೆಯಬಹುದು ಎಂದು ಯೂಕ್ಲಿಡ್ ತೋರಿಸಿದ. ಸಮಸಂಖ್ಯೆಗಳಲ್ಲಿ ಪರಿಪೂರ್ಣವಾದವು ಇವು ಮಾತ್ರ ಎಂದು ಆಯ್ಲರ್ ಎರಡು ಸಾವಿರ ವರ್ಷಗಳ ನಂತರ ಸಾಧಿಸಿದರು. ಲೂಕಾ ಅವರ ಸಂಖ್ಯೆಯಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗೆ 77 ಅಂಕಿಗಳಿವೆ.

ಘಾತಾಂಕ ಸಂಯುಕ್ತವಾಗಿದ್ದರೆ ಸಂಖ್ಯೆಯೂ ಸಂಯುಕ್ತವೇ. ಇದನ್ನು ಬೀಜಗಣಿತದ ಮೊದಲ ಪಾಠದಿಂದಲೇ ತೋರಿಸಬಹುದು. ಆದರೆ ಘಾತಾಂಕ ಅವಿಭಾಜ್ಯವಾಗಿದ್ದರೆ ಸಾಕೇ? ಸಾಲದು. 2¹¹ − 1 ಎಂದರೆ 2047, ಅದು 23 × 89. ಯಾವ ಘಾತಾಂಕ ಒಲಿಯುತ್ತದೆ, ಯಾವುದು ಒಲಿಯುವುದಿಲ್ಲ ಎಂಬುದಕ್ಕೆ ಸೂತ್ರ ಇಂದಿಗೂ ಇಲ್ಲ. 1644ರಲ್ಲಿ ಪ್ಯಾರಿಸ್ಸಿನ ಪಾದ್ರಿ ಮರಿನ್ ಮರ್ಸೆನ್ ಒಂದು ಪಟ್ಟಿ ಅಚ್ಚು ಹಾಕಿಸಿದರು: 257ರವರೆಗೆ ಒಲಿಯುವ ಘಾತಾಂಕಗಳು 2, 3, 5, 7, 13, 17, 19, 31, 67, 127, 257 ಮಾತ್ರ ಎಂದು. ಪಟ್ಟಿಯಲ್ಲಿ ಐದು ತಪ್ಪುಗಳಿದ್ದವು. 67 ಮತ್ತು 257 ಇರಬಾರದಿತ್ತು. 61, 89, 107 ಇರಬೇಕಿತ್ತು. ಅದನ್ನು ಪೂರ್ತಿ ತಿದ್ದಲು ಸುಮಾರು ಮುನ್ನೂರು ವರ್ಷ ಹಿಡಿಯಿತು. ಹಾಗಿದ್ದೂ ಈ ಜಾತಿಯ ಅವಿಭಾಜ್ಯಗಳನ್ನು ಮರ್ಸೆನ್ ಹೆಸರಿನಿಂದಲೇ ಕರೆಯುತ್ತೇವೆ, ಅದು ಸರಿಯಾದದ್ದೇ. ಮೂರು ಶತಮಾನ ಕೆಲಸ ಕೊಡುವ ಪ್ರಶ್ನೆ ಎತ್ತುವುದು ಸಣ್ಣ ಕೊಡುಗೆಯಲ್ಲ.

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ನೋಡಲು ನಾವು ಶಾಲೆಯಲ್ಲಿ ಕಲಿತ ಕ್ರಮ, ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡುವುದು. ಮರ್ಸೆನ್ ಸಂಖ್ಯೆಗಳಿಗೆ ಈ ಕೆಲಸ ಸ್ವಲ್ಪ ಹಗುರ. ಫರ್ಮಾ ಕಂಡುಕೊಂಡಂತೆ, 2¹²⁷ − 1ಕ್ಕೆ ಅಪವರ್ತನವೇನಾದರೂ ಇದ್ದರೆ ಅದನ್ನು 254ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕು. 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಇರಬೇಕು. ಆಯ್ಲರ್ ಇದೇ ಬಗೆಯ ಜರಡಿ ಹಿಡಿದು 1772ರಲ್ಲಿ 2³¹ − 1, ಅಂದರೆ 2,147,483,647 ಅವಿಭಾಜ್ಯವೆಂದು ತೋರಿಸಿದರು. ಅದರ ವರ್ಗಮೂಲ ಸುಮಾರು 46,340. ಜರಡಿ ಹಿಡಿದ ಮೇಲೆ ಭಾಗಿಸಿ ನೋಡಬೇಕಾದ ಅವಿಭಾಜ್ಯಗಳು ನೂರರೊಳಗೆ ಉಳಿದವು. ಈ ಸಂಖ್ಯೆಯಿಂದ ಬರುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಯಾರೂ ಎಂದಿಗೂ ಕಂಡುಹಿಡಿಯಲಾರರು ಎಂದು ಇಂಗ್ಲೆಂಡಿನ ಪೀಟರ್ ಬಾರ್ಲೊ 1811ರಲ್ಲಿ ಬರೆದರು. ಭಾಗಿಸಿ ನೋಡುವುದೊಂದೇ ದಾರಿಯಾಗಿದ್ದರೆ ಅವರ ಮಾತು ಹೆಚ್ಚುಕಡಿಮೆ ನಿಜವೇ ಆಗುತ್ತಿತ್ತು. 2¹²⁷ − 1ರ ವರ್ಗಮೂಲಕ್ಕೆ 20 ಅಂಕಿಗಳಿವೆ. ಜರಡಿ ಹಿಡಿದ ಮೇಲೂ ನಿಮಿಷಕ್ಕೆ ಒಂದರಂತೆ ಭಾಗಿಸುತ್ತ ಕುಳಿತರೆ 4,800 ಕೋಟಿ ವರ್ಷಕ್ಕೂ ಹೆಚ್ಚು ಬೇಕು.

ಲೂಕಾ ಭಾಗಿಸಲು ಹೋಗಲಿಲ್ಲ. ಅವರು ಹಿಡಿದದ್ದು ನಮ್ಮ ಛಂದಸ್ಸಿಗೆ ಬಹಳ ಹಿಂದಿನಿಂದ ಪರಿಚಯವಿರುವ ಒಂದು ಸರಣಿಯನ್ನು.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? ಮೂರು ಬಗೆ. ನಾಲ್ಕು ಮಾತ್ರೆಯದನ್ನು ಐದು ಬಗೆ, ಐದು ಮಾತ್ರೆಯದನ್ನು ಎಂಟು ಬಗೆ. ಕೊನೆಯಲ್ಲಿ ಲಘು ಬಂದರೆ ಹಿಂದಿನ ಎಣಿಕೆ, ಗುರು ಬಂದರೆ ಅದಕ್ಕೂ ಹಿಂದಿನ ಎಣಿಕೆ. ಎರಡನ್ನೂ ಕೂಡಿದರೆ ಮುಂದಿನದು. ಪ್ರಾಕೃತ ಛಂದಸ್ಸಿನ ಬಗ್ಗೆ ಬರೆದ ವಿರಹಾಂಕ ಇದನ್ನು ಹೇಳಿದ್ದ, ಹನ್ನೆರಡನೇ ಶತಮಾನದಲ್ಲಿ ಹೇಮಚಂದ್ರ ಮತ್ತೆ ಹೇಳಿದ. ಭಾಮಿನಿ ಷಟ್ಪದಿಯ ಮೂರು–ನಾಲ್ಕು ಮಾತ್ರೆಯ ಗಣಗಳಿಗೆ ಪ್ರಸ್ತಾರ ಹಾಕಿದವರೆಲ್ಲ ಈ ಸರಣಿಯ ಮೊದಲ ಪದಗಳನ್ನು ಮುಟ್ಟಿದವರೇ. 1, 1, 2, 3, 5, 8, 13, 21, 34, 55 ಎಂದು ಸಾಗುವ ಇದಕ್ಕೆ ಫಿಬೊನಾಚಿ ಸರಣಿ ಎಂಬ ಹೆಸರನ್ನು ಬಳಕೆಗೆ ತಂದದ್ದು ಲೂಕಾ. ಇದೇ ಕೂಡಿಕೆಯ ನಿಯಮಕ್ಕೆ ಒಳಪಟ್ಟ ಇನ್ನೊಂದು ಸರಣಿ ಇದರ ಜೊತೆಗೆ ನಿಲ್ಲುತ್ತದೆ: 1, 3, 4, 7, 11, 18, 29, 47. ಇದು ಲೂಕಾ ಸರಣಿ.

ಈ ಎರಡು ಸರಣಿಗಳ ನಾಲ್ಕು ಗುಣಗಳನ್ನು ಗಮನದಲ್ಲಿಡಿ. ಯಾವ ಅವಿಭಾಜ್ಯವನ್ನು ತೆಗೆದುಕೊಂಡರೂ ಅದು ಫಿಬೊನಾಚಿ ಸರಣಿಯ ಯಾವುದಾದರೊಂದು ಪದವನ್ನು ಭಾಗಿಸುತ್ತದೆ. ಮೊದಲ ಸಲ ಹಾಗೆ ಭಾಗಿಸುವ ಪದದ ಕ್ರಮಾಂಕ ಆ ಅವಿಭಾಜ್ಯಕ್ಕಿಂತ ಹೆಚ್ಚೆಂದರೆ ಒಂದು ದೊಡ್ಡದು, ಅದನ್ನು ಮೀರುವುದಿಲ್ಲ. 7 ಮೊದಲು ಭಾಗಿಸುವುದು ಎಂಟನೇ ಪದವಾದ 21ನ್ನು. ಆಮೇಲೆ ಅದೇ ಅವಿಭಾಜ್ಯ ಭಾಗಿಸುವ ಪದಗಳು ಆ ಮೊದಲ ಕ್ರಮಾಂಕದ ಅಪವರ್ತ್ಯಗಳಲ್ಲಿ ಮಾತ್ರ ಬರುತ್ತವೆ: 7ಕ್ಕೆ 8, 16, 24ನೇ ಪದಗಳು. ಮೂರನೆಯದು, ಒಂದು ಕ್ರಮಾಂಕದ ಫಿಬೊನಾಚಿ ಪದವನ್ನು ಅದೇ ಕ್ರಮಾಂಕದ ಲೂಕಾ ಪದದಿಂದ ಗುಣಿಸಿದರೆ ಇಮ್ಮಡಿ ಕ್ರಮಾಂಕದ ಫಿಬೊನಾಚಿ ಪದ ಬರುತ್ತದೆ. ನಾಲ್ಕನೇ ಪದಗಳು 3 ಮತ್ತು 7, ಗುಣಲಬ್ಧ 21, ಅದು ಎಂಟನೇ ಪದ. ಹೀಗೆ ಗುಣಿಸುವ ಆ ಎರಡು ಪದಗಳಿಗೆ 2ನ್ನು ಬಿಟ್ಟರೆ ಸಾಮಾನ್ಯ ಅವಿಭಾಜ್ಯ ಇರುವುದಿಲ್ಲ. ಕೊನೆಯದು, ಸಮಕ್ರಮಾಂಕದ ಲೂಕಾ ಪದವನ್ನು ವರ್ಗ ಮಾಡಿ 2 ಕಳೆದರೆ ಇಮ್ಮಡಿ ಕ್ರಮಾಂಕದ ಲೂಕಾ ಪದ ಸಿಗುತ್ತದೆ. ಎರಡನೇ ಪದ 3. 9ರಲ್ಲಿ 2 ಕಳೆದರೆ ನಾಲ್ಕನೇ ಪದ 7. 49ರಲ್ಲಿ 2 ಕಳೆದರೆ ಎಂಟನೇ ಪದ 47.

ಈಗ ಸಾಧನೆ. ಲೂಕಾ ಸರಣಿಯ 2¹²⁶ನೇ ಪದವನ್ನು ನಮ್ಮ ಸಂಖ್ಯೆ ನಿಶ್ಶೇಷವಾಗಿ ಭಾಗಿಸಿತು ಎನ್ನೋಣ. ನಮ್ಮ ಸಂಖ್ಯೆಯ ಯಾವುದೇ ಒಂದು ಅವಿಭಾಜ್ಯ ಅಪವರ್ತನವನ್ನು ‘ಪ’ ಎಂದು ಕರೆಯಿರಿ. ‘ಪ’ ಆ ಲೂಕಾ ಪದವನ್ನು ಭಾಗಿಸುತ್ತದೆ. ಆದ್ದರಿಂದ 2¹²⁷ನೇ ಫಿಬೊನಾಚಿ ಪದವನ್ನೂ ಭಾಗಿಸುತ್ತದೆ. ಆದರೆ 2¹²⁶ನೇ ಫಿಬೊನಾಚಿ ಪದವನ್ನು ಭಾಗಿಸಲಾರದು, ಏಕೆಂದರೆ ‘ಪ’ ಬೆಸಸಂಖ್ಯೆ. ಹಾಗಾದರೆ ‘ಪ’ ಮೊದಲು ಭಾಗಿಸುವ ಪದದ ಕ್ರಮಾಂಕ 2¹²⁷ರ ಭಾಜಕವಾಗಿರಬೇಕು, 2¹²⁶ರ ಭಾಜಕವಾಗಿರಬಾರದು. 2ರ ಘಾತಕ್ಕೆ 2ರ ಘಾತಗಳಲ್ಲದೆ ಬೇರೆ ಭಾಜಕಗಳಿಲ್ಲವಾದ್ದರಿಂದ ಆ ಕ್ರಮಾಂಕ 2¹²⁷ ಒಂದೇ. ಮೊದಲ ಕ್ರಮಾಂಕ ‘ಪ’ಗಿಂತ ಒಂದಕ್ಕಿಂತ ಹೆಚ್ಚು ದೊಡ್ಡದಾಗಿರಲಾರದು ಎಂದು ಆಗಲೇ ಹೇಳಿದೆವು. ಅಂದರೆ ‘ಪ’ ಕನಿಷ್ಠ 2¹²⁷ − 1 ಆಗಿರಬೇಕು. ನಮ್ಮ ಸಂಖ್ಯೆಯೇ ಅಷ್ಟು. ಅದಕ್ಕೆ ತಾನಲ್ಲದೆ ಬೇರೆ ಅವಿಭಾಜ್ಯ ಅಪವರ್ತನ ಇಲ್ಲ.

ಒಂದೇ ಒಂದು ಭಾಜಕವನ್ನೂ ಪರೀಕ್ಷಿಸದೆ, ಭಾಜಕವೇ ಇಲ್ಲವೆಂದು ತಿಳಿದೆವು. ಗಣಿತದಲ್ಲಿ ಇದಕ್ಕಿಂತ ಸೊಗಸಾದ ವಾದಗಳು ಇರಬಹುದು. ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ದೂರ ಹೋಗುವ ವಾದಗಳು ಹೆಚ್ಚಿಲ್ಲ.

2¹²⁶ನೇ ಪದ ಊಹೆಗೂ ನಿಲುಕದಷ್ಟು ದೊಡ್ಡದು, ನಿಜ. ಆದರೆ ಕ್ರಮಾಂಕವನ್ನು ಇಮ್ಮಡಿಸುತ್ತ ಜಿಗಿಯುವುದರಿಂದ ಅಲ್ಲಿಗೆ 125 ವರ್ಗಗಳಲ್ಲಿ ತಲುಪುತ್ತೇವೆ. ಪ್ರತಿ ಹೆಜ್ಜೆಯಲ್ಲೂ ಶೇಷವನ್ನಷ್ಟೇ ಇಟ್ಟುಕೊಂಡರೆ ಸಾಕು. ಇಮ್ಮಡಿಸಿ, ವರ್ಗ ಮಾಡಿ ದೊಡ್ಡ ಘಾತಕ್ಕೆ ಬೇಗ ತಲುಪುವ ಉಪಾಯವೂ ನಮ್ಮಲ್ಲಿ ಹಳೆಯದು. ಪಿಂಗಳನ ಛಂದಃಸೂತ್ರದಲ್ಲಿ ಅದಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ನಮ್ಮ ನಾಡಿನ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಗುಣೋತ್ತರ ಶ್ರೇಢಿಯ ಮೊತ್ತ ತೆಗೆಯಲು ಅದನ್ನೇ ಬಳಸಿದ್ದಾರೆ. ಅವರು ಸ್ಥಾನಗಳಿಗೆ ಏಕದಿಂದ ಮಹಾಕ್ಷೋಭದವರೆಗೆ 24 ಹೆಸರು ಕೊಟ್ಟವರು. ಲೂಕಾ ಅವರ ಸಂಖ್ಯೆಯನ್ನು ಓದಲು ಆ ಹೆಸರುಗಳೂ ಸಾಲುವುದಿಲ್ಲ. ಅವಿಭಾಜ್ಯ ಪರೀಕ್ಷೆಯ ಯೋಚನೆ ಪಿಂಗಳನಲ್ಲಾಗಲಿ ಮಹಾವೀರರಲ್ಲಾಗಲಿ ಇರಲಿಲ್ಲ. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಇಬ್ಬರಿಗೂ ಅನ್ಯಾಯ.

ಸಣ್ಣ ಉದಾಹರಣೆಯಲ್ಲಿ ಕೈಯಾಡಿಸೋಣ. 127 ಎಂದರೆ 2⁷ − 1. ಇಲ್ಲಿ ಲೂಕಾ ಸರಣಿಯ 2⁶ನೇ ಪದದವರೆಗೆ ಹೋಗಬೇಕು. 3ರಿಂದ ಹೊರಡಿ. 3, 7, 47. 47ರ ವರ್ಗದಲ್ಲಿ 2 ಕಳೆದರೆ 2207. 127ರಿಂದ ಭಾಗಿಸಿದರೆ ಶೇಷ 48. 48ರ ವರ್ಗದಲ್ಲಿ 2 ಕಳೆದರೆ 2302, ಶೇಷ 16. 16ರ ವರ್ಗದಲ್ಲಿ 2 ಕಳೆದರೆ 254, ಅದು 127ರ ಎರಡರಷ್ಟು, ಶೇಷ ಸೊನ್ನೆ. ಐದು ವರ್ಗಗಳಲ್ಲಿ 127 ಅವಿಭಾಜ್ಯ ಎಂದು ಸಿದ್ಧವಾಯಿತು.

ಈಗ 2047ನ್ನು ಹಿಡಿಯಿರಿ. 3, 7, 47, 160, 1034, 620, 1609, 1471, ಮತ್ತೆ 160. ಶೇಷಗಳು ಸುತ್ತು ಹಾಕಿ ಮೊದಲಿನ ಜಾಗಕ್ಕೇ ಬಂದವು. ಇನ್ನು ಎಷ್ಟು ಸುತ್ತಿದರೂ ಸೊನ್ನೆ ಬರುವುದಿಲ್ಲ. ಈ ಘಾತಾಂಕಕ್ಕೆ ವಿಲೋಮವೂ ನಿಜ, ಸೊನ್ನೆ ಬರದಿದ್ದರೆ ಸಂಖ್ಯೆ ಅವಿಭಾಜ್ಯವಲ್ಲ. ಆದ್ದರಿಂದ 2047 ಸಂಯುಕ್ತ. ಅದರ ಅಪವರ್ತನಗಳು 23 ಮತ್ತು 89 ಎಂಬ ಸುಳಿವು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ಮರ್ಸೆನ್ ಪಟ್ಟಿಯಲ್ಲಿದ್ದ 2⁶⁷ − 1 ಸಂಯುಕ್ತವೆಂದು ಲೂಕಾ 1876ರಲ್ಲೇ ತೋರಿಸಿದ್ದರು, ಅಪವರ್ತನಗಳನ್ನು ಕಾಣದೆಯೇ. ಅವು ಸಿಕ್ಕಿದ್ದು 27 ವರ್ಷಗಳ ನಂತರ. 1903ರ ಅಕ್ಟೋಬರ್‌ನಲ್ಲಿ ಅಮೆರಿಕನ್ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಅದು 193,707,721 ಮತ್ತು 761,838,257,287ರ ಗುಣಲಬ್ಧ ಎಂದು ತೋರಿಸಿದರು. ಸಂಯುಕ್ತವೆಂದು ತಿಳಿಯುವುದು ಒಂದು ಕೆಲಸ, ಒಡೆದು ತೋರಿಸುವುದು ಇನ್ನೊಂದು ಕೆಲಸ. ಎರಡನೆಯದು ಬಹಳ ಕಷ್ಟ. ನಾವು ಬ್ಯಾಂಕಿಗೆ ಕಳಿಸುವ ಗುಟ್ಟಿನ ಸಂದೇಶಗಳ ಭದ್ರತೆಯಲ್ಲಿ ಒಂದು ಭಾಗ ಈ ವ್ಯತ್ಯಾಸದ ಮೇಲೆ ನಿಂತಿದೆ.

ಲೂಕಾ 39 ಅಂಕಿಗಳ ಗುಣಾಕಾರವನ್ನು ದ್ವಿಮಾನದಲ್ಲಿ ಮಾಡುವ ಏರ್ಪಾಟನ್ನೂ ವಿವರಿಸಿದ್ದಾರೆ. ಒಂದೊಂದು ಸಾಲಿಗೆ 127 ಮನೆಗಳಿರುವ, 127 ಸಾಲುಗಳ ಚದುರಂಗದ ಮಣೆ. ಕಾಯಿ ಇದ್ದ ಮನೆ 1, ಇಲ್ಲದ ಮನೆ 0. 2¹²⁷ನ್ನು ನಮ್ಮ ಸಂಖ್ಯೆಯಿಂದ ಭಾಗಿಸಿದರೆ ಶೇಷ 1 ಆದ್ದರಿಂದ, ಎಡತುದಿಯನ್ನು ದಾಟಿ 128ನೇ ಸ್ಥಾನಕ್ಕೆ ಹೋದ ಕಾಯಿ ಬಲತುದಿಯ ಮೊದಲ ಮನೆಗೆ ಬರುತ್ತದೆ. ಭಾಗಾಕಾರವೇ ಬೇಡ, ಕಾಯಿಗಳನ್ನು ಸರಿಸಿದರೆ ಶೇಷ ತಾನಾಗಿ ಸಿಗುತ್ತದೆ. ಆಟಗಳಲ್ಲಿ ಗಣಿತ ಹುಡುಕುವುದು ಅವರ ಸ್ವಭಾವವೇ ಆಗಿತ್ತು. 1883ರಲ್ಲಿ ಅವರು ಹೊರತಂದ ಹನೋಯಿ ಗೋಪುರದ ಆಟ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಕಾಶಿಯ ಗುಡಿಯಲ್ಲಿ 64 ಚಿನ್ನದ ಬಿಲ್ಲೆಗಳನ್ನು ಅರ್ಚಕರು ಸರಿಸುತ್ತಿರುವ ಕಲ್ಪಿತ ಕಥೆ ಅದರೊಂದಿಗೆ ಸೇರಿಕೊಂಡಿತು. ಬಿಲ್ಲೆಗಳು ಎಷ್ಟಿವೆಯೋ 2ರ ಅಷ್ಟನೇ ಘಾತದಲ್ಲಿ ಒಂದು ಕಡಿಮೆ ನಡೆಗಳು ಬೇಕು. 127 ಬಿಲ್ಲೆಗಳ ಗೋಪುರಕ್ಕೆ ಬೇಕಾದ ನಡೆಗಳ ಎಣಿಕೆ ನಮ್ಮ ಸಂಖ್ಯೆಯೇ. ಲೂಕಾ 1891ರಲ್ಲಿ ತೀರಿಕೊಂಡರು. ಔತಣಕೂಟವೊಂದರಲ್ಲಿ ತಟ್ಟೆ ಒಡೆದು ಅದರ ಚೂರು ಕೆನ್ನೆಗೆ ತಾಗಿದ ಗಾಯಕ್ಕೆ ಸೋಂಕು ತಗುಲಿತ್ತು. ಆಗ ಅವರಿಗೆ 49 ವರ್ಷ.

ಈ ಸಂಖ್ಯೆ ಇನ್ನೊಂದು ಸರಪಣಿಯ ಕೊಂಡಿ. 2² − 1 ಎಂದರೆ 3. 2³ − 1 ಎಂದರೆ 7. 2⁷ − 1 ಎಂದರೆ 127. ಆಮೇಲೆ 2¹²⁷ − 1. ನಾಲ್ಕೂ ಅವಿಭಾಜ್ಯ. ಹಾಗಾದರೆ ಮುಂದಿನದು? ಲೂಕಾ ಪ್ರಕಟಿಸಿದ ವರ್ಷವೇ ಯೂಜೀನ್ ಕ್ಯಾಟಲಾನ್ ಈ ಪ್ರಶ್ನೆ ಎತ್ತಿದರು. ಐದನೆಯದನ್ನು ಬರೆಯಲು ಬೇಕಾದ ಅಂಕಿಗಳ ಎಣಿಕೆಯೇ 38 ಅಂಕಿಗಳ ಸಂಖ್ಯೆ. ಅದು ಅವಿಭಾಜ್ಯವೋ ಅಲ್ಲವೋ ಯಾರಿಗೂ ತಿಳಿಯದು. ಲೂಕಾ ಅವರ ಪರೀಕ್ಷೆಯೂ ಅಲ್ಲಿ ಸೋಲುತ್ತದೆ, ಏಕೆಂದರೆ ವರ್ಗ ಮಾಡಬೇಕಾದ ಸಲಗಳೇ ಲೂಕಾ ಸಂಖ್ಯೆಯಷ್ಟು. ನಾಲ್ಕು ಸಲ ನಡೆದದ್ದು ಐದನೇ ಸಲವೂ ನಡೆಯುತ್ತದೆಂದು ನಂಬುವುದು ಸುಲಭ. 8191 ಒಂದು ಮರ್ಸೆನ್ ಅವಿಭಾಜ್ಯ. ಆದರೆ 2⁸¹⁹¹ − 1 ಸಂಯುಕ್ತ ಎಂದು 1953ರಲ್ಲಿ ಕಂಪ್ಯೂಟರ್ ತೋರಿಸಿತು. ಆ ಉದಾಹರಣೆ ಗೊತ್ತಿರುವವರು ಐದನೆಯದರ ಬಗ್ಗೆ ಬಾಯಿ ಬಿಗಿಹಿಡಿಯುವುದು ಒಳ್ಳೆಯದು.

ಎಪ್ಪತ್ತೈದು ವರ್ಷ ಲೂಕಾ ಅವರ ದಾಖಲೆ ಅಲುಗಲಿಲ್ಲ. 1951ರಲ್ಲಿ ಫೆರಿಯೆ ಮೇಜಿನ ಲೆಕ್ಕಯಂತ್ರ ಬಳಸಿ 44 ಅಂಕಿಗಳ ಅವಿಭಾಜ್ಯ ಕಂಡುಕೊಂಡರು. ಅದೇ ವರ್ಷ ಕೇಂಬ್ರಿಜ್‌ನ ಎಡ್ಸ್ಯಾಕ್ ಕಂಪ್ಯೂಟರ್‌ನಲ್ಲಿ ಮಿಲ್ಲರ್ ಮತ್ತು ವೀಲರ್ 79 ಅಂಕಿಗಳದ್ದನ್ನು ಪಡೆದರು. ಅವರು ಅದನ್ನು ಕಟ್ಟಿದ್ದು ಲೂಕಾ ಸಂಖ್ಯೆಯ ವರ್ಗವನ್ನು 180ರಿಂದ ಗುಣಿಸಿ 1 ಕೂಡಿ. 1952ರಿಂದ ಮರ್ಸೆನ್ ಸಂಖ್ಯೆಗಳೇ ಹೆಚ್ಚಾಗಿ ಮುಂದಿವೆ. ಈಗ ತಿಳಿದಿರುವುದರಲ್ಲಿ ಅತಿ ದೊಡ್ಡದು 2ರ 13,62,79,841ನೇ ಘಾತದಲ್ಲಿ 1 ಕಳೆದದ್ದು. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು, 4,10,24,320 ಅಂಕಿಗಳಿವೆ. ಅದನ್ನು ಖಚಿತಪಡಿಸಿದ್ದು ಲೂಕಾ ಅವರ ಪರೀಕ್ಷೆಯೇ, 1930ರಲ್ಲಿ ಡಿ. ಎಚ್. ಲೆಮರ್ ಒಪ್ಪಮಾಡಿದ ರೂಪದಲ್ಲಿ. 3ರ ಬದಲು 4ರಿಂದ ಹೊರಟರೆ ಎಲ್ಲ ಬೆಸ ಘಾತಾಂಕಗಳಿಗೂ ಅದು ನಡೆಯುತ್ತದೆ. ಇವೆಲ್ಲ ವಿಶೇಷ ಆಕಾರದ ಸಂಖ್ಯೆಗಳ ಮಾತು. ಯಾವ ಸಂಖ್ಯೆ ಕೊಟ್ಟರೂ ಅದರ ಅಂಕಿಗಳ ಎಣಿಕೆಗೆ ಮಿತವಾಗಿ ಬೆಳೆಯುವ ಸಮಯದಲ್ಲಿ ಖಚಿತ ಉತ್ತರ ಕೊಡುವ ವಿಧಾನವನ್ನು 2002ರಲ್ಲಿ ಕಾನ್ಪುರ ಐಐಟಿಯ ಅಗ್ರವಾಲ್, ಕಯಾಲ್ ಮತ್ತು ಸಕ್ಸೇನಾ ನೀಡಿದರು.

ನಾಲ್ಕು ಕೋಟಿ ಅಂಕಿಗಳ ಅವಿಭಾಜ್ಯ ಯಾವ ಗೂಢಲಿಪಿಗೂ ಬೇಕಾಗಿಲ್ಲ. ಅಷ್ಟು ಉದ್ದದ್ದನ್ನು ಹೊರುವವರಿಲ್ಲ. ಲೂಕಾ ಅವರ ಸಂಖ್ಯೆ ಮಾತ್ರ ಕೆಲಸಕ್ಕೆ ಬಂದಿದೆ. 2015ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕರು ಪ್ರಕಟಿಸಿದ ಫೋರ್‌ಕ್ಯೂ ಎಂಬ ದೀರ್ಘವೃತ್ತೀಯ ವಕ್ರರೇಖೆ ನಿಂತಿರುವುದು 2¹²⁷ − 1ರ ಶೇಷಗಣಿತದ ಮೇಲೆ. ಅದರ ವೇಗಕ್ಕೆ ಒಂದು ಕಾರಣ, ಚದುರಂಗದ ಮಣೆಯಲ್ಲಿ ಲೂಕಾ ಕಂಡದ್ದೇ: ತುದಿ ದಾಟಿದ ಅಂಕಿಯನ್ನು ಮೊದಲಿಗೆ ತಂದು ಕೂಡಿದರೆ ಭಾಗಾಕಾರ ಮುಗಿಯುತ್ತದೆ.

ಇಲ್ಲಿರುವ ಅಧ್ಯಾಪಕರಲ್ಲಿ ಒಂದು ಕೋರಿಕೆ. ಅವಿಭಾಜ್ಯಗಳ ಪಾಠ ನೂರರವರೆಗಿನ ಪಟ್ಟಿಯಲ್ಲಿ ನಿಲ್ಲದಿರಲಿ. 127ರ ಐದು ಹೆಜ್ಜೆಗಳನ್ನು ಕರಿಹಲಗೆಯ ಮೇಲೆ ಹಾಕಿಸಿ, 2047ರ ಶೇಷಗಳು ಸುತ್ತು ಹೊಡೆಯುವುದನ್ನು ಮಕ್ಕಳೇ ಕಂಡುಕೊಳ್ಳಲಿ. ಆಮೇಲೆ 2¹⁹ − 1, ಅಂದರೆ 5,24,287ನ್ನು ಅವರ ಕೈಗೆ ಕೊಡಿ. ಅದಕ್ಕೆ 3ರಿಂದ ಹೊರಟು 17 ವರ್ಗಗಳು ಬೇಕು. ಯಾವ ಹೆಜ್ಜೆಯಲ್ಲೂ ಗುಣಲಬ್ಧ 12 ಅಂಕಿ ದಾಟುವುದಿಲ್ಲ. ಅಂಗಡಿಯಲ್ಲಿ ಇಟ್ಟಿರುವ 12 ಅಂಕಿಗಳ ಕ್ಯಾಲ್ಕುಲೇಟರ್ ಸಾಕು.